ಬಲಮಂಡಿಗೆ ಸೊಪ್ಪಿಲ್ಲ

ನೆರೂಳಿನ ನಮ್ಮ ಸೆಕ್ಟರಿನ ತಿರುವಿನಲ್ಲಿ ಯಾರೋ ಸುರಿದು ಹೋಗಿದ್ದ ಮರಳಿನ ಮೇಲೆ ನನ್ನ ಸ್ಕೂಟರ್ ಜಾರಿತು. ಚರ್ಮ ಹರಿಯಲಿಲ್ಲ. ಮೂಳೆಗೆ ಏನೂ ಆಗಿಲ್ಲವೆಂದು ಡಾಕ್ಟರೂ ಹೇಳಿದರು. ಎರಡೂ ಮಂಡಿಗಳಿಗೆ ಮೂಗೇಟು, ಬದನೆಕಾಯಿ ಬಣ್ಣದ್ದು, ಅಷ್ಟೆ. ಅಮ್ಮ ಮಾತ್ರ ಸ್ಕೂಟರಿನ ಚಾವಿ ಕಿತ್ತುಕೊಂಡು ತನ್ನ ಪರ್ಸಿಗೆ ಹಾಕಿಕೊಂಡಳು.

“ಕಲೆ ಪೂರಾ ಹೋಗುವವರೆಗೆ ಗಾಡಿ ಮುಟ್ಲಿಕ್ಕಿಲ್ಲ.”

ಬೇಲಾಪುರದ ಆಫೀಸಿಗೆ ಹೋಗಲು ಲೋಕಲ್ ರೈಲು ಇದೆ, ನಿಜ. ಆದರೆ ಯಾರನ್ನೂ ಕೇಳದೆ ಹೊರಡುವುದಕ್ಕೆ, ಮನಸ್ಸು ಬಂದಲ್ಲಿ ದಾರಿ ಬದಲಿಸುವುದಕ್ಕೆ ನನಗಿದ್ದದ್ದು ಆ ಗಾಡಿಯೊಂದೇ. ಬಿಟ್ಟುಕೊಡುವ ಪ್ರಶ್ನೆಯೇ ಇರಲಿಲ್ಲ.

ಕೆಲವು ದಿನಗಳಲ್ಲಿ ಕಲೆ ಹಸಿರಿಗೆ ತಿರುಗಿತು, ನವೆ ಶುರುವಾಯಿತು. ಕೆರೆದರೆ ನೋವು, ಬಿಟ್ಟರೆ ತುರಿಕೆ. ಸುದ್ದಿ ತಿಳಿದ ಡೊಂಬಿವಲಿಯ ದೊಡ್ಡಮ್ಮ, ಬಾಲ್ಕನಿಯ ಕುಂಡದಲ್ಲಿ ತಾವೇ ಬೆಳೆಸಿದ ಲಕ್ಕಿ ಸೊಪ್ಪನ್ನು ಹಿಡಿದುಕೊಂಡೇ ಬಂದರು. ಅರೆದು, ಅರಿಶಿನ ಸೇರಿಸಿ, ತೆಂಗಿನೆಣ್ಣೆಯಲ್ಲಿ ಬೆಚ್ಚಗೆ ಮಾಡಿ ಹಚ್ಚಬೇಕಂತೆ. ನವೆಯೂ ಹೋಗುತ್ತದಂತೆ, ಕಲೆಯೂ.

“ದೊಡ್ಡಮ್ಮ, ಎಂಐಡಿಸಿ ಫ್ಯಾಕ್ಟರಿಗಳ ಹೊಗೆ ಕುಡಿದ ಗಿಡ ಅದು. ಮೊದಲು ಅದಕ್ಕೆ ಟ್ರೀಟ್‌ಮೆಂಟ್ ಕೊಡಿ.”

“ಆ ಹೊಗೆ ಕುಡಿದೂ ಬದುಕಿ ಉಂಟಲ್ಲ, ಅದಕ್ಕೇ ಪವರ್ ಜಾಸ್ತಿ!” ಎಂದರು ದೊಡ್ಡಮ್ಮ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ಉತ್ತರಕ್ಕೆ ಚಪ್ಪಾಳೆ ಬೀಳುತ್ತಿತ್ತು, ಅಂಕ ಬೀಳುತ್ತಿರಲಿಲ್ಲ. ನಾನು ಷರತ್ತು ಹಾಕಿದೆ. ಎಡಮಂಡಿಗೆ ಸೊಪ್ಪಿನ ಲೇಪ. ಬಲಮಂಡಿಗೆ ಬರೀ ಬೆಚ್ಚಗಿನ ತೆಂಗಿನೆಣ್ಣೆ. ಎಡಗಡೆಯ ಕಲೆ ಮೊದಲು ಮಾಸಿದರೆ ಅಮ್ಮ ಹೇಳಿದಷ್ಟು ದಿನ ಚಾವಿ ಕೇಳುವುದಿಲ್ಲ. ಎರಡೂ ಒಟ್ಟಿಗೆ ಮಾಸಿದರೆ ಸೊಪ್ಪಿನ ಮಾತು ಮುಗಿಯಿತು, ಚಾವಿ ಅವತ್ತೇ ನನ್ನ ಕೈಗೆ.

“ಸಾಯ್ಲಿ ನಿನ್ನ ವಾದ. ಆಯ್ತು,” ಎಂದಳು ಅಮ್ಮ.

ಹಚ್ಚಿದ ಮೊದಲ ದಿನವೇ ನವೆ ಅಡಗಿತು. ಒಪ್ಪುತ್ತೇನೆ, ಹಾಯೆನಿಸಿತು. ಆದರೆ ಎರಡೂ ಕಡೆ! ಸೊಪ್ಪಿಲ್ಲದ ಕಡೆಯೂ! ಗೆದ್ದೇಬಿಟ್ಟೆನೆಂದುಕೊಂಡು ಭಾನುವಾರ ಊಟ ಮುಗಿಸಿ ಸೋಫಾದ ಮೇಲೆ ಮಲಗಿದೆ. ಎಚ್ಚರವಾದಾಗ ಅಮ್ಮ ನೆಲದ ಮೇಲೆ ಕೂತು, ಬಟ್ಟಲು ಪಕ್ಕಕ್ಕಿಟ್ಟುಕೊಂಡು, ನನ್ನ ಬಲಮಂಡಿಗೆ ಹಸಿರು ಲೇಪ ಬಳಿಯುತ್ತಿದ್ದಳು.

“ಅಮ್ಮಾ! ಯೇ ತೋ ಚೀಟಿಂಗ್ ಹೈ! ಪ್ರಯೋಗ ಪೂರಾ ಹಾಳು!”

“ಹಾಳಾಗ್ಲಿ. ಇದೂ ನಿನ್ನದೇ ಕಾಲಲ್ವಾ? ಒಂದಕ್ಕೆ ಮದ್ದು ಹಾಕಿ ಇನ್ನೊಂದನ್ನು ನೋಡ್ತಾ ಕೂತ್ಕೊಳ್ಲಿಕ್ಕೆ ನಂಗಾಗುದಿಲ್ಲ ಮಾರಾಯ್ತಿ.”

ನಾನು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ. ಹಾಗೆಂದು ಸೋತೆನೆ? ಖಂಡಿತ ಇಲ್ಲ. ಪ್ರೀತಿಯನ್ನು ಪುರಾವೆಯೆಂದು ಒಪ್ಪಿಕೊಂಡರೆ ಯಾವ ವಾದವೂ ಉಳಿಯುವುದಿಲ್ಲ. ಆದರೆ ಆ ಹಸಿರು ಬೆರಳುಗಳನ್ನು ನೋಡುತ್ತಿದ್ದಾಗ, ಇಷ್ಟು ದಿನ ನಾವು ಬೇರೆಯೇ ವಿಷಯಕ್ಕೆ ಜಗಳವಾಡಿದ್ದೇವೆಂದು ಹೊಳೆಯಿತು. ಅಮ್ಮನಿಗೆ ಹೆದರಿಕೆಯಿದ್ದದ್ದು ರಸ್ತೆಯದು. ಅದಕ್ಕೆ ಯಾವ ಕುಂಡದಲ್ಲೂ ಮದ್ದು ಬೆಳೆಯುವುದಿಲ್ಲ. ಆ ಹೆದರಿಕೆಗಾಗಿ ನನ್ನ ಮಂಡಿಗಳನ್ನು ಒತ್ತೆಯಿಡಲು ನಾನು ತಯಾರಿರಲಿಲ್ಲ.

ಮರುದಿನ ಬೆಳಿಗ್ಗೆ ಪ್ಯಾಂಟ್ ಮೇಲಕ್ಕೆ ಮಡಚಿ, ಇನ್ನೂ ಹಳದಿ ಮಾಸದ ಎರಡೂ ಮಂಡಿಗಳನ್ನು ತೋರಿಸಿಯೇ ಕೇಳಿದೆ.

“ನೋಡು, ಕಲೆ ಉಂಟು. ಹೋಗುವವರೆಗೆ ಕಾಯುದಿಲ್ಲ. ಚಾವಿ ಕೊಡು.”

“ಪುನಃ ಬಿದ್ರೆ?”

“ಏಳ್ತೇನೆ. ಅವತ್ತು ಯಾರು ಎಬ್ಬಿಸಿದ್ದು? ನಾನೇ ಎದ್ದದ್ದಲ್ವಾ?”

ಅಮ್ಮ ಪರ್ಸಿನಿಂದ ಚಾವಿ ತೆಗೆದಳು. ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ಟಣ್ಣನೆ ಇಟ್ಟಳು. ನಾನೇ ಎತ್ತಿಕೊಂಡೆ.

ಚಪ್ಪಲಿ ಮೆಟ್ಟುವಷ್ಟರಲ್ಲಿ ಡೊಂಬಿವಲಿಗೆ ಫೋನ್ ಹೋಗಿತ್ತು.

“ಹ್ಞಾಂ ಅಕ್ಕ, ಚಾವಿ ಕೊಟ್ಟೆ. ಕಲೆ ಪೂರಾ ಹೋಯ್ತು, ನಿನ್ನ ಸೊಪ್ಪಿನಿಂದ್ಲೇ.”

“ಹೋಗ್ಲಿಲ್ಲ ದೊಡ್ಡಮ್ಮ! ಇನ್ನೂ ಉಂಟು!” ಎಂದು ಬಾಗಿಲಿನಿಂದಲೇ ಕೂಗಿ, ಮೆಟ್ಟಿಲಿಳಿದೆ.