ಮಾರ್ಕು ಹೊರಗಿದ್ದ ಚೀಲ

ಇವತ್ತು ಬೆಳಗ್ಗೆ ಜಗಲಿಯಲ್ಲಿ ಬಿಸಿಲಿಗೆ ಹರವಿದ ಹಳೇ ಗೋಣಿಯ ವಾಸನೆ ಮೂಗಿಗೆ ಬಡಿಯಿತು. ಅಕ್ಕ ಸೈಕಲ್ಲಿಗೆ ಹೊಸ ಚೀಲ ಹೊಲಿಯಲು ಕೂತಿದ್ದಳು. ಮಳೆ, ಪಂಕ್ಚರು, ಕೋಳಿಮೊಟ್ಟೆ ಎಲ್ಲವನ್ನೂ ತಾರೀಕು ಹಾಕಿ ಬರೆದಿಡುವವನು ನಾನು. ಹಳೆಯ ಚೀಲ ಹೋದ ದಿನ ಮಾತ್ರ ಒಂದಕ್ಷರವನ್ನೂ ಬರೆದಿಲ್ಲ.

ಆ ಚೀಲ ಹೊಲಿದವಳು ಅವ್ವ. ಅಪ್ಪ ಸಿದ್ದಾಪುರದ ಹತ್ತಿರದ ಎಸ್ಟೇಟಿನಲ್ಲಿ ಬಡಗಿ. ಹರಿದ ಕಾಫಿ ಗೋಣಿಗಳನ್ನು ಅಲ್ಲಿ ಕೆಲಸದವರಿಗೇ ಬಿಡುತ್ತಿದ್ದರು. ಕ್ಯಾರಿಯರಿನ ಎರಡೂ ಬದಿಗೆ ಇಳಿಬೀಳುವಂತೆ ಎರಡು ಗೋಣಿ ಕತ್ತರಿಸಿ ಹೊಲಿದು, ಮುಚ್ಚಳಕ್ಕೆ ಎಸ್ಟೇಟಿನ ಮಾರ್ಕು ಬಳಿದ ತುಂಡನ್ನೇ ಇಟ್ಟಳು.

"ಈ ಬಣ್ಣ ಇರುವಲ್ಲಿ ನೀರ್ ಇಳಿಯೂದಿಲ್ಲೆ. ಹೊರಗೇ ಇರಲಿ."

ನಮ್ಮ ಮಳೆ ನಿಮಗೆ ಗೊತ್ತಲ್ಲ. ಇದಕ್ಕಿಂತ ದೊಡ್ಡ ಬುದ್ಧಿ ಇಲ್ಲವೆಂದು ನಾನೂ ಬೀಗಿದೆ.

ಆ ಮಳೆಗಾಲದಲ್ಲೇ ಅಕ್ಕನಿಗೆ ಚಳಿಜ್ವರ. ಯುದ್ಧದ ದಿನಗಳು, ಕ್ವಿನೈನ್ ಸಿಗುವುದೇ ಕಷ್ಟ. ವಿರಾಜಪೇಟೆಯ ಕಂಪೌಂಡರು ಒಂದು ಸೀಸೆ ಕೊಟ್ಟು, "ಒಡೆದ್ರೆ ಇನ್ನೊಂದಿಲ್ಲ ಮಾರಾಯ. ಕತ್ತಲಾಗುವ ಮೊದಲೇ ಕುಡಿಸು" ಎಂದರು. ಚೀಲಕ್ಕೆ ಹುಲ್ಲು ತುಂಬಿ ಸೀಸೆ ಮಲಗಿಸಿ ಹೊರಟೆ.

ನಮ್ಮ ಮನೆಗೆ ಹೋಗುವ ದಾರಿಯ ಎಸ್ಟೇಟ್ ಗೇಟಿನಲ್ಲಿ ಹೊಸ ಕಾವಲುಗಾರ, ಮಲಯಾಳಿ. ಮಾರ್ಕು ಕಂಡದ್ದೇ ಹ್ಯಾಂಡಲ್ ಹಿಡಿದ.

"ಎಡೋ, ಇದ್ ನಮ್ಮ ಗೋಣಿ ಅಲ್ವಾ? ಕದ್ದ ಕಾಫಿ ಮಾರಿ ಖಾಲಿ ಚೀಲ ತಂದದ್ದಾ?"

"ನಾನು ಬಡಗಿ ಮಗ. ಅಕ್ಕನಿಗೆ ಔಷಧಿ, ಬಿಡಿ."

"ಎಲ್ಲಾ ಕಳ್ಳನಿಗೂ ಒಂದೊಂದು ಅಕ್ಕ ಉಂಟು."

ಕೈಹಾಕಿ ಹೊಲಿಗೆಯ ಮೂಲೆ ತಡಕಿದ. ಸಿಕ್ಕಿತು, ಒಂದು ಕಾಫಿ ಬೀಜ! ಎಷ್ಟು ಕೊಡವಿದರೂ ಗೋಣಿಯ ಮೂಲೆಯಲ್ಲಿ ಬೀಜ ಉಳಿದೇ ಇರುತ್ತದೆ. ಅದನ್ನು ಹೇಳಹೊರಟರೆ ಅವನು ಕೈಯೆತ್ತಿ ತಡೆದ.

"ರೈಟರ್ ಬರುವವರೆಗೆ ನಿಲ್ಲು."

ಎಸ್ಟೇಟಿನ ಲೆಕ್ಕ ಬರೆಯುವ ರೈಟರು ತೋಟದ ಆಚೆ ತುದಿಯಲ್ಲಿದ್ದರು. ಬೆಳಕು ಇಳಿಯುತ್ತಿತ್ತು. ಕೊನೆಗೆ ಸೀಸೆಯ ಬಿರಡೆ ಬಿಚ್ಚಿ ಅವನ ಅಂಗೈಗೆ ಒಂದು ಹನಿ ಬಿಟ್ಟೆ. ನೆಕ್ಕಿದವನ ಮುಖ ಕಿವುಚಿಹೋಯಿತು.

"ಜ್ವರದ್ದೇ. ನಾನೂ ಕುಡಿದದ್ದು." ಅಂಗೈಯನ್ನು ಪಂಚೆಗೆ ಒರೆಸಿಕೊಂಡ. "ಸೈಕಲ್, ಚೀಲ ಇಲ್ಲಿ ಇರಲಿ. ನೀ ಓಡು."

ಹುಲ್ಲಿನ ಹಾಸಿಗೆ ಇಲ್ಲದ ಸೀಸೆಯನ್ನು ಎದೆಗವಚಿ ಕೆಸರಿನ ಇಳಿಜಾರಿನಲ್ಲಿ ಓಡಿದೆ. ಜಾರಿದಾಗ ಬೇಕೆಂದೇ ಬೆನ್ನ ಮೇಲೆ ಬಿದ್ದೆ. ಸೀಸೆ ಉಳಿಯಿತು, ಅಕ್ಕನೂ ಉಳಿದಳು. ಅಪ್ಪ ಮರುದಿನ ರೈಟರಿಗೆ ಹೇಳಿ ಸೈಕಲ್ ಬಿಡಿಸಿ ತಂದರು. ಚೀಲ ಬರಲಿಲ್ಲ.

ಇವತ್ತು ಅಕ್ಕನೂ ಮುಚ್ಚಳಕ್ಕೆ ಮಾರ್ಕಿನ ತುಂಡನ್ನೇ ಎತ್ತಿಕೊಂಡಳು.

"ಮಾರ್ಕು ಒಳಗೆ ಹಾಕು" ಎಂದೆ.

"ಮಳೆಗೆ ನೆನೀತದೆ."

"ನೆನೆಯಲಿ."

ಗೋಣಿಯ ಮೂಲೆಗಳನ್ನು ಹೊರಗೆ ಮಗುಚಿದೆ. ಒಂದು ಬೀಜ ಉದುರಿತು. ಅಕ್ಕ ಅದನ್ನು ಹೆಕ್ಕಿ ಕಟಕ್ಕೆಂದು ಕಡಿದಳು.

"ನಿನ್ನ ಔಷಧಿಯಷ್ಟು ಕಹಿ ಇಲ್ಲೆ ಬಿಡ್."

ಅವಳು ನಕ್ಕಳು. ನಾನು ಇನ್ನೊಂದು ಮೂಲೆ ಮಗುಚಿದೆ.