ಅಡುಗೆಕಟ್ಟೆಯ ಅಳತೆ

"ಈ ಅಡುಗೆಕಟ್ಟೇನ ಯಾರ ಅಳತೆಗೆ ಕಟ್ಟದವ್ವಾ?"

ಇಲವಾಲದಲ್ಲಿ ಏಳುತ್ತಿದ್ದ ಮನೆಯೊಳಗೆ ನಿಂತು, ನನ್ನ ಪ್ಲಾನ್ ನೋಡುತ್ತಾ ಮೇಸ್ತ್ರಿ ಸಿದ್ದಯ್ಯನವರು ಕೇಳಿದರು. ಅವರು ನನ್ನಪ್ಪನ ಕಾಲದಿಂದಲೂ ನಮ್ಮ ಆರ್ಕಿಟೆಕ್ಟ್ ಆಫೀಸಿನ ಮನೆಗಳನ್ನು ಕಟ್ಟುತ್ತಿರುವವರು. ಅಪ್ಪ ತೀರಿಕೊಂಡ ಮೇಲೆ ನಾನೊಬ್ಬಳೇ ವಹಿಸಿಕೊಂಡ ಮೊದಲ ಮನೆ ಅದು.

"ಎಲ್ಲ ಕಡೆ ಮೂವತ್ಮೂರು ಇಂಚೇ ಅಲ್ವಾ?" ಎಂದೆ, ಸ್ವಲ್ಪ ಬಿಗಿಯಾಗಿಯೇ.

"ನಿಮ್ಮಪ್ಪಾರು ಅಂಗೆ ಮಾಡ್ತಿರ್ಲಿಲ್ಲ ಕಣವ್ವ. ಅಡುಗೆ ಮಾಡೋರ್ನ ಇಲ್ಲಿ ನಿಲ್ಸಿ, ಚಪಾತಿ ಲಟ್ಟಿಸೋ ಅಂಗೆ ಕೈ ಆಡ್ಸಿ ಅನ್ನೋರು. ಆಮೇಲೇ ಗೋಡೆಗೆ ಗೀಟು ಹಾಕೋರು."

ಮನೆಯೊಡತಿಯನ್ನು ಕರೆದೆ. ಆಕೆ ನಗುತ್ತಾ ಗಂಡನನ್ನು ಮುಂದಕ್ಕೆ ತಳ್ಳಿದರು. ಆ ಮನೆಯಲ್ಲಿ ಒಲೆಯ ಮುಂದೆ ನಿಲ್ಲುವುದು ಆ ಆರಡಿ ಆಳಂತೆ! ಅವರು ನಾಚಿಕೊಂಡೇ ಗಾಳಿಯಲ್ಲಿ ಚಪಾತಿ ಲಟ್ಟಿಸಿದರು. ಸಿದ್ದಯ್ಯನವರ ಸೀಮೆಸುಣ್ಣದ ಗೀಟು ನನ್ನ ಅಳತೆಗಿಂತ ನಾಲ್ಕು ಇಂಚು ಮೇಲೆ ಬಿತ್ತು.

ಕೃಷ್ಣಮೂರ್ತಿಪುರಂನಲ್ಲಿ ಅಪ್ಪ ಕಟ್ಟಿಸಿದ ನಮ್ಮ ಮನೆಯ ಅಡುಗೆಕಟ್ಟೆ ತೀರಾ ತಗ್ಗು. ತರಕಾರಿ ಹೆಚ್ಚಿ ಬೆನ್ನು ನೋಯುವಾಗಲೆಲ್ಲ, "ಆರ್ಕಿಟೆಕ್ಟ್ ಮನೆ ಕಟ್ಟೆ ನೋಡಿ ಹೆಂಗಿದೆ" ಎಂದು ಅಪ್ಪನನ್ನು ಆಡಿಕೊಳ್ಳುತ್ತಿದ್ದೆ. ಅವರು ಸುಮ್ಮನೆ ನಗುತ್ತಿದ್ದರು. ಮುಂದಿನ ತಿಂಗಳು ಅದನ್ನು ಒಡೆಸಿ ಎತ್ತರಿಸಬೇಕೆಂದಿದ್ದೆ.

ಅಂದು ಸಂಜೆ ಮನೆಗೆ ಬಂದಾಗ ಕುಳ್ಳಗಿನ ನನ್ನಮ್ಮ ಆ ಕಟ್ಟೆಯ ಮುಂದೆ ನಿಂತು ಚಪಾತಿ ಲಟ್ಟಿಸುತ್ತಿದ್ದಳು. ಅವಳ ಬೆನ್ನು ಒಂಚೂರೂ ಬಾಗಿರಲಿಲ್ಲ.