ದೂರು ಬಾರದ ಯಂತ್ರ

ವಿಷ್ಣುಮೂರ್ತಿ ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದದ್ದು ಸೋದರಮಾವನ ಹೋಟೆಲಿನಲ್ಲಿ ಹಿಟ್ಟು ರುಬ್ಬಲು. ಐದನೇ ಕ್ಲಾಸು ದಾಟಿದವನಲ್ಲ. ಆದರೆ ಕೆಟ್ಟು ನಿಂತದ್ದು ಏನೇ ಇರಲಿ, ಅದರ ಹೊಟ್ಟೆಗೆ ಕೈ ಹಾಕಿ ಎಬ್ಬಿಸಿ ಕೂರಿಸುತ್ತಿದ್ದ. ೧೯೫೩ರಲ್ಲಿ ಮೌಂಟ್ ರೋಡಿನ ವಿಲಾಯಿತಿ ಕಂಪನಿಯೊಂದಕ್ಕೆ ನೆಲ ಗುಡಿಸಲು ಸೇರಿದವನು ಮೂರೇ ವರ್ಷಕ್ಕೆ ಮೆಕ್ಯಾನಿಕ್ ಆದ. ಆ ಕೈಗೆ ಗುರು ಯಾರೂ ಇರಲಿಲ್ಲ.

ಕಂಪನಿ ಮಾರುತ್ತಿದ್ದದ್ದು ಲೆಕ್ಕದ ಯಂತ್ರಗಳನ್ನು. ರಟ್ಟಿನ ಕಾರ್ಡಿಗೆ ದುಂಡು ತೂತು ಹೊಡೆದು ತುರುಕಿದರೆ, ಸೂಜಿಗಳಿಂದ ತೂತು ತಡವಿ, ಸಾವಿರ ಜನರ ಹಾಜರಿಯನ್ನು ಗಂಟೆಯೊಳಗೆ ಕೂಡಿಸಿ ಅಚ್ಚು ಹಾಕಿ ಉಗುಳುತ್ತಿದ್ದವು. ಮದ್ರಾಸಿನಲ್ಲಿ ಅಂಥವು ಆರು, ಆರೂ ಇವನ ಪಾಲಿಗೆ. ಒಂದು ಪೆರಂಬೂರಿನ ಬಟ್ಟೆ ಗಿರಣಿಯ ಆಫೀಸಿನಲ್ಲಿತ್ತು. ಅದನ್ನು ನಡೆಸುತ್ತಿದ್ದವಳು ಉಡುಪಿ ಕಡೆಯ ರತ್ನಾವತಿ. ಗಂಡ ಸತ್ತ ಮೇಲೆ ಗಿರಣಿಯವರು ಕೊಟ್ಟ ಕೆಲಸ. ಕೂರಲು ಕುರ್ಚಿ, ತಲೆ ಮೇಲೆ ಫ್ಯಾನು, ಎರಡು ಮಕ್ಕಳ ಅನ್ನ, ಎಲ್ಲ ಆ ಯಂತ್ರದಿಂದ.

ಯಂತ್ರ ಕೆಟ್ಟರೆ ಆಫೀಸಿನವರು ದೂರಿನ ಚೀಟಿ ಬರೆಯಬೇಕು, ಮೆಕ್ಯಾನಿಕ್ ಅದನ್ನು ಕಂಪನಿಗೆ ಒಪ್ಪಿಸಬೇಕು. ಅದು ಕಾಯಿದೆ. ವಿಷ್ಣುಮೂರ್ತಿಗೆ ದೂರು ಎಂದರೆ ಮೈಮೇಲೆ ಎಂಜಲು ನೀರು ಎರಚಿದಂತೆ. ಹೋಟೆಲಿನಲ್ಲಿ ಬೆಳೆದ ಬುದ್ಧಿ. ಗಿರಾಕಿ ಸಾಂಬಾರು ಸರಿಯಿಲ್ಲ ಎಂದರೆ ಅಡುಗೆಭಟ್ಟನ ಮುಖ ಸಣ್ಣಗಾಗುತ್ತದಲ್ಲ, ಹಾಗೆ. ಆದ್ದರಿಂದ ಪ್ರತಿ ಸೋಮವಾರ ಯಾರೂ ಕರೆಯದಿದ್ದರೂ ಗಿರಣಿಗೆ ಹೋಗುತ್ತಿದ್ದ. ಸವೆದ ಸೂಜಿ ತೀಡುವನು, ಮೂರ್ ಮಾರ್ಕೆಟ್ಟಿನಲ್ಲಿ ಹುಡುಕಿ ತಂದ ಗ್ರಾಮಫೋನಿನ ಸ್ಪ್ರಿಂಗನ್ನು ಅರದಲ್ಲಿ ಉಜ್ಜಿ ಕೂರಿಸುವನು. ರತ್ನಾವತಿ ಚೀಟಿ ಬರೆಯಹೊರಟರೆ, ಇಷ್ಟಕ್ಕೆಲ್ಲ ಕಾಗದ ಯಾಕಕ್ಕ ಎಂದು ತಡೆಯುವನು. ಒಂಬತ್ತು ವರ್ಷ ಆರೂ ಕಡೆ ಹೀಗೇ ನಡೆಯಿತು.

೧೯೬೫ರಲ್ಲಿ ವಿಲಾಯಿತಿಯಿಂದ ಕಾಗದ ಬಂತು. ಕಂಪ್ಯೂಟರುಗಳು ಬರುತ್ತಿವೆ, ಹಳೆಯದರಲ್ಲಿ ಯಾವ ಮಾದರಿಗೆ ಬಿಡಿಭಾಗ ನಿಲ್ಲಿಸಬಹುದು, ದೂರಿನ ಚೀಟಿ ಎಣಿಸಿ ತಿಳಿಸಿ ಎಂದು. ಮ್ಯಾನೇಜರ್ ಕಮಲಾಕರ ರಾಯರದು ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ನೆಲೆಸಿದ ಮನೆತನ, ಮಾತಿನಲ್ಲೂ ತಮಿಳು ಬೆರೆತಿತ್ತು. ಕಡತ ಬಿಚ್ಚಿ ನೋಡಿದರು. ದುಂಡು ತೂತಿನ ಯಂತ್ರಕ್ಕೆ ಒಂದೇ ಒಂದು ಚೀಟಿ ಇಲ್ಲ. ಇಲ್ಲಿ ಅವನ್ನು ಯಾರೂ ಬಳಸುತ್ತಿಲ್ಲ ಎಂದು ಬರೆದು ಕಳಿಸಿದರು. ಪೆರಂಬೂರಿಗೆ ಬಸ್ಸು ಹತ್ತಿ ನೋಡುವಷ್ಟು ಪುರುಸೊತ್ತು ಆ ಓದಿದ ತಲೆಗೆ ಇರಲಿಲ್ಲ.

ಸುದ್ದಿ ತಿಳಿದು ವಿಷ್ಣುಮೂರ್ತಿ ಅವರ ಮೇಜಿನ ಮುಂದೆ ನಿಂತ. ಆರೂ ಓಡುತ್ತಿವೆ ಎಂದ.

"ಹಾಗಾದ್ರೆ ಚೀಟಿ ಎಲ್ಲಿ ಪಾ?"

"ಚೀಟಿ ಬರೆಯುವಷ್ಟು ಕೆಡ್ಲಿಕ್ಕೆ ನಾನು ಬಿಡ್ಲಿಲ್ಲ ರಾಯರೇ. ಈಗ ಕೂತು ಬರೀತೇನೆ. ಯಾವ ಸೂಜಿ ಯಾವಾಗ ಹೋಯ್ತು, ಎಲ್ಲ ನೆನಪುಂಟು."

"ಒಂಬತ್ತು ವರ್ಷದ್ದು ಒಂದೇ ದಿವಸ ಬರೆದ್ರೆ ಚುಮ್ಮಾ ಕಟ್ಟಿದ ಕತೆ ಅಂತಾರೆ. ಮೇಲೆ ಗ್ರಾಮಫೋನ್ ಸ್ಪ್ರಿಂಗ್ ಬೇರೆ ಹಾಕಿದೀಯ. ಗೊತ್ತಾದ್ರೆ ನೀನೂ ಮನೆಗೆ, ನಾನೂ ಮನೆಗೆ. ಬಿಡು ಪಾ."

ಕಂಪನಿ ಆ ಮಾದರಿಯನ್ನೇ ಕೈಬಿಟ್ಟಿತು. ಮುಂದಿನ ಏಪ್ರಿಲ್ ಹೊತ್ತಿಗೆ ಗಿರಣಿಗೆ ಹೊಸ ಯಂತ್ರ ಬಂತು, ಅದನ್ನು ನಡೆಸಲು ಡಿಗ್ರಿ ಮಾಡಿದ ಇಬ್ಬರು ಬಂದರು. ರತ್ನಾವತಿಯನ್ನು ನೂಲು ಸುತ್ತುವ ವಿಭಾಗಕ್ಕೆ ಹಾಕಿದರು. ಎಂಟು ಗಂಟೆ ನಿಂತೇ ಕೆಲಸ, ಮೂಗಿನ ತುಂಬ ಹತ್ತಿಯ ಧೂಳು. ಹೊಸದರ ಬದಲಿಗೆ ವಾಪಸು ಪಡೆದ ಹಳೆಯದನ್ನು ಬಜಾರಿಗೆ ಬಿಡದೆ ಒಡೆದು ಹಾಕಬೇಕೆಂದು ಕಂಪನಿಯ ಆಜ್ಞೆ. ಒಡೆಯಲು ಕಳಿಸಿದ್ದು ವಿಷ್ಣುಮೂರ್ತಿಯನ್ನೇ.

ಹಿತ್ತಲ ಅಂಗಳದಲ್ಲಿ ಅವನು ಸುತ್ತಿಗೆ ಹಿಡಿದು ನಿಂತಿದ್ದಾಗ ರತ್ನಾವತಿ ಬಂದಳು.

"ನಾನು ಚೀಟಿ ಬರೆದಿದ್ರೆ ಇದು ಉಳೀತಿತ್ತಾ?"

"ಇನ್ನೈದು ವರ್ಷ ಉಳೀತಿತ್ತು ಅಕ್ಕ."

"ನಿಮ್ಮ ಹೆಸರಿಗೆ ಮಸಿ ಆಗ್ಬಾರ್ದು ಅಂತ ಬರೀಲಿಕ್ಕೆ ಬಿಡ್ಲಿಲ್ಲ ಅಲ್ವಾ ಮಾರಾಯ್ರೆ. ನಾನೂ ನಿಮ್ಮನ್ನು ದೊಡ್ಡ ಉಪಕಾರಿ ಅಂತ ತಿಳ್ಕೊಂಡಿದ್ದೆ."

ಅವನು ಸುತ್ತಿಗೆ ಎತ್ತಿದ. ಎರಕದ ಕಬ್ಬಿಣ, ಏಳನೇ ಏಟಿಗೆ ಬಿರುಕು ಬಿಟ್ಟಿತು. ಅಷ್ಟರಲ್ಲಿ ಅವಳು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಮೂರು ಗಂಟೆಯ ಪಾಳಿಗೆ ಹೋಗಿಯಾಗಿತ್ತು.